ಬೆನ್ನಿಗೋ, ಪಕ್ಕೆಗೋ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಐವತ್ತು ನಿಮಿಷ. ಭಾವನ ಪುಸ್ತಕದಲ್ಲಿ ಉಸ್ತಾದರು ಹನ್ನೊಂದು ಇಪ್ಪತ್ತು ಎಂದು ಬರೆದಿದ್ದರು, ಅದರ ಕೆಳಗೆ ನನ್ನ ಸಹಿಯೂ ಇತ್ತು. ಆದರೆ ಹನ್ನೊಂದು ಇಪ್ಪತ್ತು ಎಂದರೆ ನೀರಿನೊಳಗೆ ಅನಾಹುತ ಕಣ್ಣಿಗೆ ಕಂಡ ಹೊತ್ತು. ಕೆಡಲು ಶುರುವಾದದ್ದು ಅದಕ್ಕೂ ಅರ್ಧ ಗಂಟೆ ಮೊದಲು, ದಡದ ಮೇಲೆ, ಒಣ ನೆಲದಲ್ಲಿ, ನನ್ನ ಬಲಗೈಯಿಂದ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ನೀರಿಗಿಳಿಯುವ ಮೊದಲು ಗಡಿಯಾರ ನೋಡಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಬರೆದುಕೊಂಡೆ, ಪೆನ್ನು ಚೀಲಕ್ಕೆ ಹಾಕಿದೆ, ಭಾವನ ಬೆನ್ನಿಗೆ ಕಟ್ಟಿದ್ದ ಚಿಕ್ಕ ಸಿಲಿಂಡರಿನ ವಾಲ್ವನ್ನು ಬಲಕ್ಕೆ ತಿರುಗಿಸಿ ಬಂದ್ ಮಾಡಿದೆ.

ಇಷ್ಟನ್ನು ನಾನು ಮೂವತ್ತೆಂಟು ದಿನ ಯಾರಿಗೂ ಹೇಳಲಿಲ್ಲ.

ಅಕ್ಕ ಮತ್ತು ಭಾವನ ಹೋಟೆಲು ಫರೀದಾಬಾದಿನಲ್ಲಿತ್ತು, ಕಾರ್ಖಾನೆಗಳ ಸಾಲು ಮುಗಿದು ವಸತಿಯ ಸೆಕ್ಟರುಗಳು ಶುರುವಾಗುವ ತಿರುವಿನಲ್ಲಿ. ಮೆಟ್ರೋ ಆ ಕಡೆ ಇನ್ನೂ ಬಂದಿರಲಿಲ್ಲ. ನಾನು ಊರಿನಿಂದ ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಒಂದು ಕಚೇರಿಗೆ ಅಸಿಸ್ಟೆಂಟ್ ಆಗಿ ಬಂದಾಗ ಮೊದಲ ಎರಡು ವರ್ಷ ಅವರ ಮನೆಯಲ್ಲೇ, ಹೋಟೆಲಿನ ಮಹಡಿಯಲ್ಲಿ, ಇದ್ದೆ. ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಅಕ್ಕ ನನಗೆ ಒಂದೇ ಕೆಲಸ ಹಚ್ಚಿದ್ದಳು. ಅಡುಗೆಮನೆಯ ಹಿಂದೆ ಜಾಲರಿ ಬಾಗಿಲಿನ ಕೋಣೆಯಲ್ಲಿ ಆರು ಗ್ಯಾಸ್ ಸಿಲಿಂಡರುಗಳು ಒಂದು ಪೈಪಿಗೆ ಸೇರಿಕೊಂಡು ಸಾಲಾಗಿ ನಿಂತಿರುತ್ತಿದ್ದವು. ಮೂರು ಉರಿಯುವವು, ಮೂರು ಬಿಡುವಿನವು. ಬಿಡುವಿನ ಮೂರೂ ಬಿಗಿಯಾಗಿ ಬಂದ್ ಇವೆಯೇ ಎಂದು ಕೈಯಿಂದ ತಿರುಗಿಸಿ ನೋಡಬೇಕು. ಕಣ್ಣಿನಿಂದ ನೋಡಿದರೆ ಸಾಲದು. ಎಲ್ಲಾದರೂ ಸುಯ್ ಎಂದರೆ ಮೊದಲು ಬಂದ್ ಮಾಡಬೇಕು, ಆಮೇಲೆ ಯೋಚಿಸಬೇಕು. ನಾನು ಅಲ್ಲಿಗೆ ಹೋಗುವ ಮೊದಲು ಒಮ್ಮೆ ಆ ಕೋಣೆಯಲ್ಲಿ ಬೆಂಕಿ ಹತ್ತಿ ಅಕ್ಕನ ಒಂದು ಕಡೆಯ ಹುಬ್ಬು ಸುಟ್ಟುಹೋಗಿತ್ತಂತೆ. ಆಮೇಲೆ ಬಂದ ಕಾನೂನು ಇದು. ಎರಡು ವರ್ಷ, ದಿನವೂ, ಮೂರು ತಿರುಪು. ಬೇರೆ ಮನೆ ಮಾಡಿದ ಮೇಲೂ ಭಾನುವಾರ ಅಲ್ಲಿಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ನನ್ನ ಕಾಲು ಹಿಂದಿನ ಕೋಣೆಗೆ ಹೋಗುತ್ತಿತ್ತು.

ಭಾವ ಹುಟ್ಟಿದ್ದು ಸಮುದ್ರದ ಪಕ್ಕ. ಆದರೆ ನೀರಿಗಿಳಿಯಲು ಅವರ ಅಮ್ಮ ಬಿಡಲಿಲ್ಲ. ನಲವತ್ತರ ಮೇಲೆ ಡಾಕ್ಟರು ಮೊಣಕಾಲಿಗೆ ಈಜು ಒಳ್ಳೆಯದು ಎಂದದ್ದರಿಂದ ಸೆಕ್ಟರಿನ ಈಜುಕೊಳಕ್ಕೆ ಸೇರಿದರು. ಅಲ್ಲಿ ಸಿಕ್ಕಿದವರು ಉಸ್ತಾದರು: ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾದ ಹರಿಯಾಣದವರು, ಹತ್ತು ಹನ್ನೆರಡು ಜನರಿಗೆ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು, ಕಲಿಸುತ್ತಿದ್ದರು. ಭಾವನಿಗೆ ಅದು ಹತ್ತಿದ್ದು ಹಾಗೆ. ಡಿಸೆಂಬರಿನಲ್ಲಿ ಊರಿಗೆ ಹೋಗಿ, ಚಿಕ್ಕಂದಿನಲ್ಲಿ ದಡದಿಂದ ಮಸುಕಾಗಿ ಕಾಣುತ್ತಿದ್ದ ದ್ವೀಪದ ಪಕ್ಕದಲ್ಲಿ ಸಮುದ್ರದ ತಳಕ್ಕೆ ಇಳಿಯಬೇಕು ಎಂಬುದು ಅವರ ಆಸೆ. ಅಕ್ಕ ಒಂದೇ ಶರತ್ತು ಹಾಕಿದಳು. "ಇಳಿಯುವುದಾದರೆ ಇವಳನ್ನೂ ಕರೆದುಕೊಂಡು ಹೋಗಿ. ಇವಳು ಎಲ್ಲಾನೂ ಎರಡು ಸಲ ನೋಡುವವಳು."

ಹೀಗೆ ನಾನು ಭಾವನ ಜೋಡಿಯಾದೆ. ನೀರಿನಲ್ಲಿ ಯಾರೂ ಒಬ್ಬರೇ ಇಳಿಯುವುದಿಲ್ಲ. ಜೋಡಿಯವರು ಪರಸ್ಪರರ ಪಟ್ಟಿ, ಬಕಲ್ಲು, ವಾಲ್ವು ಮುಟ್ಟಿ ನೋಡಬೇಕು, ಮೇಲೆ ಬಂದ ಮೇಲೆ ಪರಸ್ಪರರ ಪುಸ್ತಕಕ್ಕೆ ಸಹಿ ಹಾಕಬೇಕು.

ಈಜುಕೊಳದ ಪಾಠ ಮುಗಿದ ಮೇಲೆ ಉಸ್ತಾದರು ನಮ್ಮನ್ನು ಅರಾವಳಿಯ ಗುಡ್ಡದ ಹಳೆಯ ಕಲ್ಲುಗಣಿಗೆ ಕರೆದೊಯ್ಯತೊಡಗಿದರು. ಗಣಿ ನಿಂತು ವರ್ಷಗಳಾಗಿ ಹೊಂಡದಲ್ಲಿ ನೀರು ತುಂಬಿತ್ತು. ಮೇಲಿನಿಂದ ನೀಲಿ, ಒಳಗೆ ಹಸಿರು, ತಳದಲ್ಲಿ ಚಾಚಿದ ಕೈ ಕಾಣದಷ್ಟು ಮಬ್ಬು. ಜೋಡಿಯವನು ಪಕ್ಕದಲ್ಲೇ ಇದ್ದರೂ ಕಾಣದೆ ಹೋಗಬಹುದಾದ ನೀರು. ಅದಕ್ಕೇ ಉಸ್ತಾದರು ಹೇಳಿದರು, ಇಲ್ಲಿ ಇಳಿಯುವವರು ದೊಡ್ಡ ಸಿಲಿಂಡರಿನ ಜೊತೆಗೆ ತಮ್ಮದೇ ಒಂದು ಚಿಕ್ಕ ಸಿಲಿಂಡರನ್ನೂ ಒಯ್ಯಬೇಕು, ಅದಕ್ಕೆ ಬೇರೆಯೇ ಕೊಳವೆ, ಬೇರೆಯೇ ಮೌತ್‌ಪೀಸ್. ದೊಡ್ಡದು ಕೈಕೊಟ್ಟರೆ ಮೇಲೆ ಬರುವಷ್ಟು ಗಾಳಿ ಅದರಲ್ಲಿರುತ್ತದೆ. ಭಾವ ಅದನ್ನು ಸ್ಟೆಪ್ನಿ ಎಂದು ಕರೆದರು, ಕಾರಿನ ಬಿಡಿ ಚಕ್ರಕ್ಕೆ ಹೇಳುವ ಹಾಗೆ. ಎಲ್ಲರ ಬಾಯಲ್ಲೂ ಅದೇ ನಿಂತಿತು.

ಸ್ಟೆಪ್ನಿಯನ್ನು ಎಲ್ಲಿ ಕಟ್ಟಿಕೊಳ್ಳುವುದು ಎಂಬ ಮಾತು ನಡೆದದ್ದು ಹೋಟೆಲಿನಲ್ಲಿ, ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗದ ಖಾಲಿ ಹೊತ್ತಿನಲ್ಲಿ. ಉಸ್ತಾದರು ಸೆಟ್ ದೋಸೆ ತಿನ್ನುತ್ತಿದ್ದರು.

"ಪಕ್ಕೆಗೆ, ಸೇಠ್ ಜೀ," ಎಂದರು ಹಿಂದಿಯಲ್ಲಿ. "ಎಡ ಪಕ್ಕೆಗೆ, ಎರಡು ಕೊಕ್ಕೆ ಹಾಕಿ. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು, ಬೇಕಾದರೆ ಬಿಚ್ಚಿ ಇನ್ನೊಬ್ಬರ ಕೈಗೆ ಕೊಡುವ ಹಾಗಿರಬೇಕು. ಬೆನ್ನಿಗೆ ಕಟ್ಟಿದರೆ ಅದು ಇದೆಯೋ ಇಲ್ಲವೋ ಅಂತ ಪಕ್ಕದವನನ್ನು ಕೇಳಬೇಕು."

"ನನ್ನ ಪಕ್ಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ನನಗೇ ಗೊತ್ತಿಲ್ಲ ಉಸ್ತಾದ್," ಎಂದರು ಭಾವ. "ಈ ಹೊಟ್ಟೆಯ ಮುಂದೆ ಇನ್ನೊಂದು ಹೊಟ್ಟೆ ಯಾಕೆ?"

"ಇಡ್ಲಿ ಕಡಿಮೆ ಮಾಡಿ."

"ಹೋಟೆಲಿನವನು ಇಡ್ಲಿ ಬಿಟ್ಟರೆ ಗಿರಾಕಿ ಏನು ತಿಳಿದಾನು?" ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೀನು ಹೇಳು ಮಾರಾಯ್ತಿ, ಸರ್ಕಾರದ ಅಭಿಪ್ರಾಯ ಏನು?"

ತಮಾಷೆಯ ಹಿಂದೆ ನಿಜವಾದ ಕಾರಣವೂ ಇತ್ತು. ಹಿಂದಿನ ವಾರ ಅವರು ಪಕ್ಕೆಗೆ ಕಟ್ಟಿಕೊಂಡು ಇಳಿದಿದ್ದರು. ಹೊಂಡದ ತಳದಲ್ಲಿ ಮುಳುಗಿದ ಜಾಲಿ ಮರಗಳಿವೆ, ಗಣಿಯ ಕಾಲದ ತಂತಿಹಗ್ಗಗಳಿವೆ. ಸ್ಟೆಪ್ನಿಯ ಪಟ್ಟಿ ಒಂದು ಕೊಂಬೆಗೆ ಸಿಕ್ಕಿಕೊಂಡು ಭಾವ ಎರಡು ನಿಮಿಷ ಎಮ್ಮೆಯಂತೆ ಕಟ್ಟಿಹಾಕಿಸಿಕೊಂಡಿದ್ದರು. ಬಿಡಿಸಿದ್ದು ನಾನೇ. ಮುಂದೆ ಜೋಲಾಡುವ ವಸ್ತು ಅಲ್ಲಿ ಒಳ್ಳೆಯದಲ್ಲ ಎಂಬುದು ಸುಳ್ಳಲ್ಲ.

"ಬೆನ್ನಿಗೇ ಕಟ್ಟಿಕೊಳ್ಳಿ ಭಾವ," ಎಂದೆ. "ನನ್ನದು ಪಕ್ಕೆಯಲ್ಲೇ ಇರಲಿ. ನಾನು ಸಣ್ಣಗಿದ್ದೇನೆ."

"ಕೇಳಿದಿರಾ? ಸರ್ಕಾರದ ಮಂಜೂರಾತಿ ಸಿಕ್ಕಿತು. ಹಾಗೆಯೇ ನನ್ನ ಸೊಂಟದ ಮೇಲೊಂದು ಟಿಪ್ಪಣಿಯೂ ಬಂತು."

ಫರೀದಾಬಾದ್ ಏನು ಬೇಕಾದರೂ ಮಾಡಿಕೊಡುವ ಊರು. ಹೋಟೆಲಿಗೆ ದಿನವೂ ಬರುತ್ತಿದ್ದ ಒಬ್ಬ ಫಿಟ್ಟರ್ ಎರಡು ಸ್ಟೀಲಿನ ಪಟ್ಟಿ ಬಗ್ಗಿಸಿ, ರಬ್ಬರು ಹಾಕಿ, ದೊಡ್ಡದಕ್ಕೆ ಚಿಕ್ಕದನ್ನು ಅಂಟಿಸುವ ಒಂದು ಬಿಗಿಪಟ್ಟಿ ಮಾಡಿಕೊಟ್ಟ. ಉಸ್ತಾದರು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ನೋಡಿದರು. "ಚಲೋ, ಗಟ್ಟಿಯಾಗಿದೆ. ಆದರೆ ಒಂದು ಮಾತು, ಇಬ್ಬರೂ ಕೇಳಿ. ಪಕ್ಕೆಯದನ್ನು ಒಮ್ಮೆ ತೆರೆದು, ಕೊಳವೆ ತುಂಬಿಸಿ, ಬಂದ್ ಮಾಡಿ ಇಳಿಯಿರಿ. ಸೋರಿ ಖಾಲಿಯಾಗುವುದಿಲ್ಲ, ಬೇಕಾದಾಗ ನಿಮ್ಮ ಕೈಯೇ ತೆರೆಯುತ್ತದೆ. ಬೆನ್ನಿನದಕ್ಕೆ ನಿಮ್ಮ ಕೈ ಹೋಗುವುದಿಲ್ಲ. ಅದನ್ನು ಪೂರ್ತಿ ತೆರೆದೇ ಇಳಿಯಿರಿ. ಬಂದ್ ಇದ್ದರೂ ಕೊಳವೆಯಲ್ಲಿ ಉಳಿದ ಗಾಳಿ ಒಂದೆರಡು ಉಸಿರು ಬರುತ್ತದೆ, ಎಲ್ಲ ಸರಿಯಿದೆ ಅಂತ ಮೋಸ ಮಾಡುತ್ತದೆ."

ನಾನು ಬರೆದುಕೊಂಡೆ. ಪಕ್ಕೆ: ಬಂದ್. ಬೆನ್ನು: ತೆರೆದು. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಹಾಗಿದ್ದರೆ ಆ ಭಾನುವಾರ ಯಾಕೆ?

ದಸರಾ ಕಳೆದ ಅಕ್ಟೋಬರ್ ತಿಂಗಳು. ಬಿಸಿಲು ಹಿತವಾಗಿತ್ತು. ಭಾವ ಬಂಡೆಯ ಮೇಲೆ ಕುಳಿತು, ದೊಡ್ಡದರ, ಚಿಕ್ಕದರ ಎರಡೂ ಮೌತ್‌ಪೀಸ್ ಕಚ್ಚಿ ಉಸಿರೆಳೆದು ನೋಡಿದರು. ಎರಡೂ ಚೆನ್ನಾಗಿದ್ದವು. ಚಿಕ್ಕದರದನ್ನು ರಬ್ಬರಿನ ಬಳೆಗೆ ಸಿಕ್ಕಿಸಿ ಗದ್ದದ ಕೆಳಗೆ ನೇತುಹಾಕಿಕೊಂಡರು. ಅದು ಮುಖ ಮೇಲಾಗಿ ತಿರುಗಿಕೊಂಡಿತ್ತು, ಹಾಗಾದಾಗ ಸ್ವಲ್ಪ ಗಾಳಿ ಸೋರುವುದುಂಟು. ಮಗುಚಿದರೆ ನಿಲ್ಲುತ್ತದೆ. ನಾನು ಅವರ ಹಿಂದೆ ನಿಂತಿದ್ದೆ. ನನ್ನದನ್ನು ಆಗಷ್ಟೇ ತೆರೆದು ಬಂದ್ ಮಾಡಿ ಮುಗಿಸಿದ್ದೆ. ಕೈಗೆ ಆ ತಿರುಪು ಇನ್ನೂ ಬಿಸಿಯಾಗಿತ್ತು. ಸುಯ್ ಎಂದಿತು. ನನ್ನ ಕೈ ಹೋಯಿತು.

ಅಷ್ಟೇ. ಯೋಚನೆ ಇರಲಿಲ್ಲ. ಜಾಲರಿ ಬಾಗಿಲಿನ ಕೋಣೆಯಲ್ಲಿ ಇದ್ದ ಹಾಗೆಯೇ ಇತ್ತು. ಅಷ್ಟರಲ್ಲಿ ಭಾವ ರೆಕ್ಕೆಚಪ್ಪಲಿ ಹಾಕಿಕೊಳ್ಳಲು ಬಗ್ಗಿದರು, ಮೌತ್‌ಪೀಸ್ ಮಗುಚಿತು, ಸದ್ದು ನಿಂತಿತು. ನನಗೆ ಕೆಲಸ ಸರಿಯಾಗಿ ಮಾಡಿದ ಸಮಾಧಾನವಾಯಿತು. ಭಾವನಿಗೆ ಹೇಳಬೇಕು ಅನ್ನಿಸಲಿಲ್ಲ. ಗ್ಯಾಸ್ ಬಂದ್ ಮಾಡಿದೆ ಅಂತ ಮನೆಯಲ್ಲಿ ಯಾರು ಹೇಳುತ್ತಾರೆ?

ಹನ್ನೊಂದು ಇಪ್ಪತ್ತಕ್ಕೆ ನಾವು ತಳದಲ್ಲಿದ್ದೆವು. ಹನ್ನೊಂದು ಮೀಟರ್ ಆಳ. ಉಸ್ತಾದರು ಮೇಲೆ ದಡದಲ್ಲಿ, ನಮ್ಮ ಹಗ್ಗದ ತುದಿ ಹಿಡಿದು. ಭಾವ ಮಂಡಿಯೂರಿದಾಗ ಕೆಸರು ಎದ್ದಿತು. ಮಬ್ಬಿನೊಳಗೆ ಒಮ್ಮೆಲೇ ಗುಳ್ಳೆಗಳ ಅಬ್ಬರ. ದೊಡ್ಡ ಸಿಲಿಂಡರಿನ ಮೌತ್‌ಪೀಸಿನಲ್ಲಿ ಮರಳಿನ ಕಣವೇನೋ ಸಿಕ್ಕಿ ಅದು ತೆರೆದೇ ನಿಂತು, ಗಾಳಿಯನ್ನೆಲ್ಲ ಹೊರಗೆ ಉಗುಳತೊಡಗಿತ್ತು. ಹೀಗಾದರೆ ಏನು ಮಾಡಬೇಕೆಂದು ಭಾವನಿಗೆ ಗೊತ್ತಿತ್ತು. ಅದನ್ನು ಬಿಟ್ಟರು, ಗದ್ದದ ಕೆಳಗಿನದನ್ನು ಕಚ್ಚಿದರು, ಉಸಿರೆಳೆದರು. ನನ್ನ ಕಡೆ ನೋಡಿ ಹೆಬ್ಬೆರಳು ತೋರುಬೆರಳು ಸೇರಿಸಿ ಓಕೆ ಎಂದು ತೋರಿಸಿದರು. ಅವರ ಕಣ್ಣಿನಲ್ಲಿ, ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಗಾಬರಿ ಇರಲಿಲ್ಲ. ಸ್ವಲ್ಪ ಹೆಮ್ಮೆ ಇತ್ತು.

ಎರಡನೆಯ ಉಸಿರು. ಅದರ ಗುಳ್ಳೆಗಳು ಮೇಲೆ ಹೋದವು.

ಆಮೇಲೆ ಗುಳ್ಳೆ ಬರಲಿಲ್ಲ.

ನನಗೆ ಆ ಕ್ಷಣವೇ ಗೊತ್ತಾಯಿತು. ಭಾವನಿಗಿಂತ ಮೊದಲೇ ಗೊತ್ತಾಯಿತು. ಅವರು ಅಂಗೈಯನ್ನು ಗಂಟಲಿಗೆ ಅಡ್ಡ ಹಿಡಿದರು, ಗಾಳಿ ಇಲ್ಲ ಎಂಬುದಕ್ಕೆ ಅದು ಸನ್ನೆ. ಬಲಗೈಯನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿದರು. ಕೈ ಹೋಗಲಿಲ್ಲ. ಸೊಂಟದ ಕಡೆಯಿಂದ ಹಾಕಿದರು. ಹೋಗಲಿಲ್ಲ. ದೊಡ್ಡದರ ಮೌತ್‌ಪೀಸ್ ಬೆನ್ನ ಹಿಂದೆಲ್ಲೋ ಇನ್ನೂ ಉಗುಳುತ್ತಿತ್ತು, ಕೈಗೆ ಸಿಗಲಿಲ್ಲ. ನನ್ನ ಎಡ ಪಕ್ಕೆಯಲ್ಲಿ, ಒಂದು ಗೇಣು ದೂರದಲ್ಲಿ, ತುಂಬಿದ ಸ್ಟೆಪ್ನಿ ಇತ್ತು. ತೆರೆದು ಅವರ ಬಾಯಿಗೆ ಕೊಡಲು ನಾಲ್ಕು ಸೆಕೆಂಡು ಸಾಕಿತ್ತು. ಈಜುಕೊಳದಲ್ಲಿ ಹತ್ತಾರು ಸಲ ಮಾಡಿದ್ದೆವು.

ನಾನು ಅದನ್ನು ಮಾಡಲಿಲ್ಲ. ಅವರ ಬೆನ್ನ ಹಿಂದೆ ಹೋದೆ. ಬಂದ್ ಮಾಡಿದ ವಾಲ್ವನ್ನು ಹುಡುಕಿದೆ. ಕೈಗವಸಿನ ಬೆರಳು ಜಾರಿತು. ಎಡಕ್ಕೆ, ಎಡಕ್ಕೆ ಎಂದುಕೊಳ್ಳುತ್ತ ಮೊದಲು ಬಲಕ್ಕೇ ತಿರುಗಿಸಿದೆ, ಆಮೇಲೆ ಎಡಕ್ಕೆ, ಒಂದು ಸುತ್ತು, ಎರಡು ಸುತ್ತು, ಪೂರ್ತಿ. ಎಷ್ಟು ಸೆಕೆಂಡು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಹನ್ನೆರಡಕ್ಕಿಂತ ಕಡಿಮೆ ಆಗುವುದೇ ಇಲ್ಲ. ಅಷ್ಟರಲ್ಲಿ ಅವರು ಮೌತ್‌ಪೀಸ್ ಉಗಿದು, ನೀರು ಕುಡಿದು, ಕಾಲು ಬಡಿದು ಮೇಲೆ ಹೊರಟಿದ್ದರು. ನಾನು ಅವರ ಪಟ್ಟಿ ಹಿಡಿದುಕೊಂಡು ಜೊತೆಗೇ ಎದ್ದೆ.

ದಡದಲ್ಲಿ ಅವರು ಕೆಮ್ಮಿದರು, ಹಸಿರು ನೀರು ಕಕ್ಕಿದರು. ಮೂಗಿನಿಂದ ರಕ್ತ ಬಂದಿತ್ತು. ಉಸ್ತಾದರು ಅವರಿಗೆ ಆಮ್ಲಜನಕ ಕೊಟ್ಟು ಪಕ್ಕಕ್ಕೆ ಮಲಗಿಸಿ, ನಂತರ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಬರುವವರೆಗೆ ಸಾಮಾನನ್ನು ಒಂದೊಂದಾಗಿ ಪರೀಕ್ಷಿಸಿದರು. ನೌಕಾಪಡೆಯ ಅಭ್ಯಾಸ. ಚಿಕ್ಕದರ ವಾಲ್ವ್ ಮುಟ್ಟಿದರು.

"ಖುಲಾ ಹೈ," ತೆರೆದಿದೆ, ಎಂದರು. ಮೀಟರಿನ ಮುಳ್ಳು ತುಂಬಿದ ಕಡೆಗಿತ್ತು. ಮೌತ್‌ಪೀಸ್ ಕಚ್ಚಿ ಐದಾರು ಉಸಿರೆಳೆದರು. "ಗಾಳಿ ಬರುತ್ತಿದೆ. ಮೇಡಂ ಜೀ, ನೀವೇನು ನೋಡಿದಿರಿ?"

"ಅವರು ಅದನ್ನು ಕಚ್ಚಿದರು. ಆಮೇಲೆ ಬಿಟ್ಟರು."

ಒಂದೂ ಸುಳ್ಳು ಮಾತಲ್ಲ. ಉಸ್ತಾದರು ತಲೆಯಾಡಿಸಿ ಭಾವನ ಪುಸ್ತಕದಲ್ಲಿ ಎರಡು ಸಾಲು ಬರೆದರು. ಹನ್ನೊಂದು ಇಪ್ಪತ್ತು, ದೊಡ್ಡ ಸಿಲಿಂಡರಿನ ಮೌತ್‌ಪೀಸ್ ಕೆಟ್ಟಿತು. ಬಿಡಿ ಸಿಲಿಂಡರ್ ಸರಿಯಾಗಿತ್ತು, ಮುಳುಗುಗಾರ ಗಾಬರಿಯಾದ. ಜೋಡಿಯ ಸಹಿ ಎಂದಿದ್ದ ಜಾಗವನ್ನು ಬೆರಳಿನಿಂದ ತೋರಿಸಿದರು. ಸಹಿ ಎಂದರೇನೆಂದು ಕಚೇರಿಯಲ್ಲಿ ದಿನವೂ ಕಡತ ಹೊರುವ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಕಿದೆ. ಒದ್ದೆ ಕೈಯಿಂದ ಶಾಯಿ ಸ್ವಲ್ಪ ಹರಡಿತು.

ಭಾವ ಮರುದಿನವೇ ಮನೆಗೆ ಬಂದರು. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ನಿದ್ರೆ ಬರದೆ ಹೋದದ್ದು ಅಂದಿನಿಂದ. ಮಲಗಿದರೆ ಬಲಗೈ ತಾನಾಗಿ ತಿರುಗುತ್ತಿತ್ತು. ಎದ್ದು ಗ್ಯಾಸ್ ನೋಡುತ್ತಿದ್ದೆ. ಬಂದ್ ಇರುತ್ತಿತ್ತು. ಬಂದ್ ಇದ್ದದ್ದೇ ಹೆದರಿಕೆಯಾಗಿ ತೆರೆಯುತ್ತಿದ್ದೆ, ತೆರೆದದ್ದಕ್ಕೆ ಹೆದರಿ ಮತ್ತೆ ಬಂದ್ ಮಾಡುತ್ತಿದ್ದೆ. ಕಚೇರಿಯಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಹೋಗಿ ನಡುವೆ ನಿಂತುಬಿಡುತ್ತಿದ್ದೆ. ಎದುರು ಮೇಜಿನವರು ಒಮ್ಮೆ ಅದನ್ನು ಕಿತ್ತುಕೊಂಡು ತಾವೇ ತೆರೆದುಕೊಟ್ಟರು. ಬಸ್ಸಿನ ಕಂಬಿ ಹಿಡಿದರೂ ಹನ್ನೆರಡರವರೆಗೆ ಎಣಿಕೆ.

ಆದರೂ ಹೇಳದೆಯೇ ಇದ್ದುಬಿಡುತ್ತಿದ್ದೆನೇನೋ. ಭಾವ ಮೊದಲಿನ ಹಾಗೇ ಇದ್ದಿದ್ದರೆ.

ಅವರು ಮೊದಲ ವಾರ ತಮಾಷೆ ಮಾಡಿದರು. ಗಲ್ಲಾದಲ್ಲಿ ಕುಳಿತು ಗಿರಾಕಿಗಳಿಗೆ, "ಸ್ಟೆಪ್ನಿ ಇದ್ದೂ ನಡೆದುಕೊಂಡು ಬಂದವನು ನಾನೊಬ್ಬನೇ," ಎನ್ನುತ್ತಿದ್ದರು. ಫಿಟ್ಟರ್ ಬಂದು, ಸೇಠ್ ಜೀ, ನನ್ನ ಪಟ್ಟಿ ಸಡಿಲವಾಗಿತ್ತಾ ಎಂದು ಕೇಳಿದಾಗ, "ನಿನ್ನದು ಗಟ್ಟಿ ಇತ್ತು ಭಯ್ಯಾ, ನನ್ನ ಎದೆಯೇ ಸಡಿಲ," ಎಂದರು. ಆಮೇಲಾಮೇಲೆ ತಮಾಷೆ ನಿಂತಿತು. ಈಜುಕೊಳಕ್ಕೆ ಹೋಗುವುದೂ ನಿಂತಿತು. ನವೆಂಬರಿನ ಕೊನೆಗೆ ಊರಿನ ಟಿಕೆಟ್ ರದ್ದು ಮಾಡಿಸಬೇಕೆಂದರು.

ಒಂದು ಬುಧವಾರ ರಜೆ ಇತ್ತು. ಹೋಟೆಲಿಗೆ ಹೋದೆ. ಅಕ್ಕ ಬೀನ್ಸ್ ಸೋಸುತ್ತಿದ್ದವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ನಿನ್ನ ಭಾವನಿಗೆ ಏನೋ ಆಗಿದೆ ಕಣೇ. ಗಾಳಿ ಬರಲಿಲ್ಲ, ಎರಡು ಉಸಿರು ಬಂತು, ಮೂರನೇದು ಬರಲಿಲ್ಲ ಅಂತಾರೆ. ಮರುಕ್ಷಣ, ಇಲ್ಲ, ಬಂದಿರಬೇಕು, ಪುಸ್ತಕದಲ್ಲಿ ಬರೆದಿದೆಯಲ್ಲ ಅಂತಾರೆ. ನಿನ್ನೆ ಹಾಲಿನವನಿಗೆ ಕೊಟ್ಟದ್ದು ನೂರೋ ಐನೂರೋ ಅಂತ ನನ್ನನ್ನು ಮೂರು ಸಲ ಕೇಳಿದರು. ತಮ್ಮ ಕಣ್ಣಿನ ಮೇಲೇ ಅವರಿಗೆ ನಂಬಿಕೆ ಹೋಗಿದೆ. ನೀನು ಅಲ್ಲೇ ಇದ್ದೆಯಲ್ಲ. ನೀನಾದರೂ ಹೇಳು, ಗಾಬರಿಯಾದರೆ ಏನಂತೆ, ಯಾರಿಗಾದರೂ ಆಗುತ್ತೆ ಅಂತ."

"ಹೇಳ್ತೀನಿ," ಎಂದೆ.

ಭಾವ ಹಿಂದಿನ ಕೋಣೆಯಲ್ಲಿದ್ದರು. ಆ ದಿನ ಹೊಸ ಸಿಲಿಂಡರುಗಳು ಬಂದಿದ್ದವು. ಬಿಡುವಿನ ಮೂರನ್ನೂ ಮುಟ್ಟಿ, ಎರಡು ಹೆಜ್ಜೆ ಬಂದು, ಮತ್ತೆ ಹಿಂದಕ್ಕೆ ಹೋಗಿ ಮುಟ್ಟುತ್ತಿದ್ದರು. ನನ್ನನ್ನು ನೋಡಿ, "ಬಾ ಸರ್ಕಾರ್, ನೀನೂ ಒಮ್ಮೆ ನೋಡು. ನನ್ನ ಕೈ ಸರಿಯಿಲ್ಲ," ಎಂದರು.

ನಾನು ಮುಟ್ಟಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ. ಹತ್ತು ಐವತ್ತಕ್ಕೆ ಬಂದ್ ಮಾಡಿದ್ದು ನಾನು. ಕೆಳಗೆ ತೆರೆದದ್ದೂ ನಾನು. ಉಸ್ತಾದರಿಗೆ ತೆರೆದು ಸಿಕ್ಕಿದ್ದು ಅದಕ್ಕೆ.

ಭಾವ ಸಿಲಿಂಡರಿನ ಮೇಲಿಟ್ಟಿದ್ದ ಕೈಯನ್ನು ತೆಗೆಯಲಿಲ್ಲ. ಹಾಗೆಯೇ ಕೇಳಿದರು. "ಎರಡು ಉಸಿರು ಬಂತು."

"ಹೌದು."

"ಮೂರನೇದು ಬರಲಿಲ್ಲ."

"ಬರಲಿಲ್ಲ. ನಾನು ನೋಡಿದೆ."

"ಮೊದಲು ನಾನು ಓಕೆ ತೋರಿಸಿದೆ, ಅಲ್ವಾ? ಅದೂ ನಿಜ?"

"ನಿಜ. ಗಾಬರಿ ಇರಲಿಲ್ಲ ಭಾವ. ನಿಮಗೆ ಗಾಬರಿ ಆದದ್ದು ಗಾಳಿ ನಿಂತ ಮೇಲೆ."

ಅವರು ಹಿಟ್ಟಿನ ಡಬ್ಬದ ಮೇಲೆ ಕುಳಿತರು. ಮುಖ ಸಡಿಲವಾದದ್ದು ಕಂಡಿತು, ಒಂದು ಕ್ಷಣ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ನಿನ್ನ ಪಕ್ಕೆಯಲ್ಲಿ ಒಂದಿತ್ತಲ್ಲ," ಎಂದರು. "ಅದನ್ನು ಕೊಡದೆ ನನ್ನ ಬೆನ್ನಿಗೆ ಯಾಕೆ ಹೋದೆ?"

ಈ ಪ್ರಶ್ನೆಯನ್ನು ನಾನೇ ನನಗೆ ಅಷ್ಟು ದಿನ ಕೇಳಿಕೊಂಡಿದ್ದೆ, ಉತ್ತರವೂ ಗೊತ್ತಿತ್ತು, ಬಾಯಿಂದ ಆಡಿರಲಿಲ್ಲ.

"ಯಾರಿಗೂ ತಿಳಿಯುವ ಮೊದಲು ತೆರೆದುಬಿಡೋಣ ಅಂತ."

ಬಾಗಿಲ ಬಳಿ ಅಕ್ಕ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಭಾವನಿಗೆ ಹೇಳಿದಳು, "ನಾನು ಹೇಳಲಿಲ್ಲವಾ ನಿಮ್ಮ ತಲೆ ಸರಿಯಿದೆ ಅಂತ." ಆಮೇಲೆ, ನನಗೆ ಬೆನ್ನು ಮಾಡಿಯೇ, "ಊಟ ಮಾಡಿಕೊಂಡು ಹೋಗು," ಎಂದಳು. ಬಡಿಸಿದ್ದು ಬೇರೆ ಯಾರೋ.

ಮುಂದಿನ ಭಾನುವಾರ ಉಸ್ತಾದರ ಮುಂದೆ ಎಲ್ಲವನ್ನೂ ಮತ್ತೆ ಹೇಳಿದೆ. ಅವರು ಬೈದರು, ಹಿಂದಿಯಲ್ಲಿ, ಮೆಲ್ಲನೆ, ಬಹಳ ಹೊತ್ತು. ಬೈದು ಮುಗಿಸಿ ತಮ್ಮನ್ನೂ ಬೈದುಕೊಂಡರು. "ಒಂದೇ ಜೋಡಿಯಲ್ಲಿ ಒಬ್ಬರಿಗೆ ಬಂದ್ ಅಂತ, ಇನ್ನೊಬ್ಬರಿಗೆ ತೆರೆದು ಅಂತ ಹೇಳಿಕೊಟ್ಟವನು ನಾನು. ಇನ್ನು ಮುಂದೆ ಇಬ್ಬರೂ ಒಂದೇ ಥರ." ಭಾವನ ಪುಸ್ತಕ ತೆಗೆದು ಮುಂದಿಟ್ಟರು. ಆ ಪುಟ ಹರಿದುಬಿಡಲೇ ಎಂದರು. ಬೇಡ ಎಂದೆ. ಕಚೇರಿಯಲ್ಲಿ ನಾವು ತಿದ್ದುವುದು ಹಾಗಲ್ಲ. ತಪ್ಪು ಓದಲು ಬರುವಂತೆಯೇ ಇರಬೇಕು, ಅದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ತಿದ್ದಿದವರ ಚಿಕ್ಕ ಸಹಿ. ಹನ್ನೊಂದು ಇಪ್ಪತ್ತರ ಮೊದಲು ಹತ್ತು ಐವತ್ತು ಎಂದು ಸೇರಿಸಿದೆ. ಗಾಬರಿಯಾದ ಎಂಬುದನ್ನು ಹೊಡೆದು, ಜೋಡಿಯವಳು ವಾಲ್ವ್ ಬಂದ್ ಮಾಡಿದ್ದಳು, ಹೇಳಿರಲಿಲ್ಲ ಎಂದು ಬರೆದೆ. ಭಾವ ನನ್ನ ಭುಜದ ಮೇಲಿಂದ ಓದಿದರು.

"ಅಕ್ಷರ ಚೆನ್ನಾಗಿದೆ," ಎಂದರು. ಅಷ್ಟೇ.

ಆ ದಿನವೇ ಅವರು ಈಜುಕೊಳಕ್ಕೆ ಇಳಿದರು. ಫಿಟ್ಟರನ ಸ್ಟೀಲಿನ ಪಟ್ಟಿ ಬಿಚ್ಚಿ ಬದಿಗಿಟ್ಟಿದ್ದರು. ಸ್ಟೆಪ್ನಿ ಎಡ ಪಕ್ಕೆಗೆ ಬಂದಿತ್ತು. ಕೊಂಬೆಗೆ ಸಿಕ್ಕದಂತೆ ಜೋಲುವ ಪಟ್ಟಿಯನ್ನು ಕತ್ತರಿಸಿ ಗಿಡ್ಡ ಮಾಡಿ, ಕೊಳವೆಯನ್ನು ರಬ್ಬರಿನ ಬಳೆಗಳಿಂದ ಸಿಲಿಂಡರಿಗೇ ಬಿಗಿದಿದ್ದರು. ಸೊಂಟದ ಕೊಕ್ಕೆಯನ್ನು ಅಕ್ಕ ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಹೊಲಿದುಕೊಟ್ಟಿದ್ದಳು, ಹೊಟ್ಟೆಗೆ ಅಡ್ಡ ಬರದಂತೆ. ಇಷ್ಟೇ ಸಾಕಿತ್ತು. ಇದು ಮೊದಲೇ ಯಾಕೆ ತೋಚಲಿಲ್ಲವೋ.

ಜೋಡಿಯ ಪರೀಕ್ಷೆಗೆ ನಾನು ಅವರ ಎದುರು ನಿಂತೆ. ಪಟ್ಟಿ ನೋಡಿದೆ, ಬಕಲ್ ನೋಡಿದೆ. ಕೈ ಎಡ ಪಕ್ಕೆಯ ಹತ್ತಿರ ಹೋಗುತ್ತಲೇ ಅವರು ತಮ್ಮ ಅಂಗೈಯನ್ನು ವಾಲ್ವಿನ ಮೇಲಿಟ್ಟರು.

"ನನ್ನ ಸ್ಟೆಪ್ನಿ ನಾನೇ ಮುಟ್ಟುತ್ತೇನೆ. ನೀನು ನೋಡು ಸಾಕು."

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ನೋವಾಯಿತು. ಆಗಬೇಕಾದದ್ದೇ.

ನೀರಿನ ತಳದ ನೀಲಿ ಟೈಲಿನ ಮೇಲೆ ನಾವು ಎದುರುಬದುರಾಗಿ ಮಂಡಿಯೂರಿದೆವು. ಅಲ್ಲಿ ನೀರು ತಿಳಿಯಾಗಿತ್ತು, ಅವರ ಕಣ್ಣಿನ ರೆಪ್ಪೆ ಕೂಡ ಕಾಣುತ್ತಿತ್ತು. ಅವರು ವಾಲ್ವ್ ಬಂದ್ ಇಟ್ಟೇ ಸ್ಟೆಪ್ನಿಯ ಮೌತ್‌ಪೀಸ್ ಕಚ್ಚಿದರು. ಒಂದು ಉಸಿರು. ಎರಡು. ಮೂರನೆಯದು ಬರಲಿಲ್ಲ. ನನ್ನನ್ನು ನೋಡಿದರು, ನೋಡಿದೆಯಾ ಎನ್ನುವಂತೆ. ತಲೆಯಾಡಿಸಿದೆ. ನನ್ನ ಕೈ ಬೆನ್ನ ಹಿಂದೆಯೇ ಇತ್ತು, ಬೆರಳುಗಳು ಒಂದನ್ನೊಂದು ಹಿಡಿದುಕೊಂಡಿದ್ದವು, ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಅವರು ಕಣ್ಣು ಮುಚ್ಚಿದರು. ಎಡಗೈಯಿಂದ ಸಿಲಿಂಡರ್ ಹಿಡಿದು ಬಲಗೈಯಿಂದ ವಾಲ್ವನ್ನು ಎಡಕ್ಕೆ ತಿರುಗಿಸಿದರು. ನಾಲ್ಕಕ್ಕೆ ಗುಳ್ಳೆಗಳು ಬಂದವು, ದೊಡ್ಡ ಗುಳ್ಳೆಗಳು, ನನ್ನ ಮುಖಕ್ಕೆ ಬಡಿದು ಮೇಲೆ ಹೋದವು. ಮತ್ತೆ ಬಂದವು. ಐದು ಎಂದು ಎಣಿಸುವುದು ಮರೆತುಹೋಯಿತು.

ನನ್ನನ್ನು ನನ್ನ ಕೋಣೆಗೆ ಬಿಡಲು ಹೊರಟ ವ್ಯಾನಿನಲ್ಲಿ ಭಾವ ಮುಂದೆ ಕುಳಿತರು, ನಾನು ಹಿಂದೆ. ಬದರ್‌ಪುರದ ಹತ್ತಿರ ಲಾರಿಗಳ ಜಾಮಿನಲ್ಲಿ ನಿಂತಾಗ ತಿರುಗದೆಯೇ ಕೇಳಿದರು. "ಡಿಸೆಂಬರಿನ ಟಿಕೆಟು ನಾನು ರದ್ದು ಮಾಡಿಸಿಲ್ಲ. ನಿನ್ನ ರಜೆ ಮಂಜೂರಾಗಿದೆಯಾ?"

"ಅರ್ಜಿ ಕೊಡಬೇಕು."

"ಕೊಡು. ನಿನ್ನ ಅಕ್ಕನಿಗೆ ನಾನು ಹೇಳುತ್ತೇನೆ."

ಆ ಭಾನುವಾರ ಸಂಜೆ ನನ್ನ ಕೋಣೆಗೆ ಬಂದು, ಒದ್ದೆ ಬಟ್ಟೆ ಹರವಿ, ಅನ್ನ ಮಾಡಿ ತಿಂದೆ. ಗ್ಯಾಸ್ ಬಂದ್ ಮಾಡಿದೆ. ಒಂದೇ ಸಲ. ಮಲಗಿದ್ದು ಒಂಬತ್ತಕ್ಕೆ. ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು, ಕೆಳಗೆ ತರಕಾರಿಯವನು ಕೂಗಿ ಮುಂದೆ ಹೋಗಿ ಆಗಿತ್ತು, ಬಲಗೈ ದಿಂಬಿನ ಕೆಳಗೆ ಜೋಮು ಹಿಡಿದು ಬಿದ್ದಿತ್ತು. ಸೋಮವಾರ, ಎಂಟೂಕಾಲು. ಆಫೀಸಿನ ಬಸ್ಸು ತಪ್ಪಿತ್ತು.